ಮಷಿನ್ ಕಾವು, ಹ್ಯಾಟೆ ಕಾವು: ಮನೆಯಲ್ಲೇ ಕೋಳಿ ಮರಿ ಮಾಡಿಸುವುದು

ಎರಡು ಮಳೆಗಾಲದ ಹಿಂದೆ ನಮ್ಮ ಮನೆಯಲ್ಲಿ ಒಂದೇ ದಿನ ಎರಡು ಕಡೆ ಮೊಟ್ಟೆ ಕಾವಿಗೆ ಇಟ್ಟೆವು. ಹಾಲ್ ಮೂಲೆಯಲ್ಲಿ ಹೊಸದಾಗಿ ತರಿಸಿದ 24 ಮೊಟ್ಟೆಯ ಇನ್‌ಕ್ಯುಬೇಟರ್, ಅಂದರೆ ಕಾವು ಕೊಡುವ ಮಷಿನ್. ಸೌದೆ ಕೊಟ್ಟಿಗೆಯಲ್ಲಿ ಹಳೇ ಮಂಕರಿ (ಬುಟ್ಟಿ), ಅದರೊಳಗೆ ಕೆಂಪು ಹ್ಯಾಟೆ (ಹೆಣ್ಣು ಕೋಳಿ), ಹ್ಯಾಟೆ ಕೆಳಗೆ 12 ಮೊಟ್ಟೆ. ಎರಡೂ ಕಡೆ ಅದೇ ಮನೆ ಮೊಟ್ಟೆ, ಅದೇ ಹುಂಜ. 21ನೇ ದಿನ ಕಳೆದು ಮಾರನೇ ಬೆಳಿಗ್ಗೆ ಹ್ಯಾಟೆ 11 ಮರಿ ಹಿಂದೆ ಹಾಕಿಕೊಂಡು ಅಂಗಳಕ್ಕೆ ಬಂತು. ಮಷಿನ್‌ನಲ್ಲಿ ಆಗಿದ್ದು ಐದೇ ಐದು. ಉಳಿದವನ್ನು ಒಡೆದು ನೋಡಿದರೆ ಹೊಟ್ಟೆ ಉರಿಯಿತು. ಬಹಳಷ್ಟರಲ್ಲಿ ಪೂರ್ತಿ ಬೆಳೆದ ಮರಿ, ಕೊಕ್ಕು, ಉಗುರು, ತುಪ್ಪಳ ಎಲ್ಲ ಸರಿಯಾಗಿದೆ, ಆದರೆ ಮೈಯೆಲ್ಲ ಒದ್ದೆ, ಊದಿಕೊಂಡಿದೆ, ಸತ್ತಿದೆ.

ಮಷಿನ್ ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಬುದ್ಧಿ. ಮಷಿನ್ ಜೊತೆ ಬಂದ ಚೀಟಿಯಲ್ಲಿ ದಿನಾ ನೀರಿನ ಕಾಲುವೆ ತುಂಬಿಸಿ ಅಂತ ಇತ್ತು. ತುಂಬಿಸಿದೆ. ಸಕಲೇಶಪುರದ ಕಡೆ ಜುಲೈ ತಿಂಗಳು, ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದ ಕಾಲ, ಅದರಲ್ಲಿ ನಾನು ಮೊಟ್ಟೆಗೆ ನೀರು ಕುಡಿಸುತ್ತಿದ್ದೆ. ಸೌದೆ ಕೊಟ್ಟಿಗೆಯ ಹ್ಯಾಟೆ ಯಾವ ಚೀಟಿಯನ್ನೂ ಓದಿರಲಿಲ್ಲ.

ಆಮೇಲಿಂದ ನಾನು ಹಿಡಿದಿರುವ ದಾರಿ ಇಷ್ಟೇ. ಮಷಿನ್‌ನಲ್ಲಿ ಕಾಣುವ ಪ್ರತಿ ಅಂಕಿಯೂ ಕೋಳಿ ಮಾಡುವ ಯಾವುದೋ ಕೆಲಸದ ನಕಲು. ಆ ಕೆಲಸ ಯಾವುದು ಅಂತ ಗೊತ್ತಿದ್ದರೆ ಅಂಕಿ ಯಾವಾಗ ಪಾಲಿಸಬೇಕು, ಯಾವಾಗ ಬಿಡಬೇಕು ಅಂತಲೂ ಗೊತ್ತಾಗುತ್ತದೆ. ಗೊತ್ತಿಲ್ಲದಿದ್ದರೆ ನನ್ನ ಹಾಗೆ 19 ಮೊಟ್ಟೆ ಗುಂಡಿಗೆ.

ಮೊದಲು ಬಿಸಿಯ ವಿಷಯ. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮಗಿಂತ ಜಾಸ್ತಿ. ಕಾವಿಗೆ ಕೂರುವ ಮುಂಚೆ ಅದರ ಎದೆ ಕೆಳಗಿನ ಪುಕ್ಕ ಉದುರಿ, ಚರ್ಮ ಬರಿದಾಗಿ, ಅಲ್ಲಿ ರಕ್ತ ಓಡಾಟ ಜಾಸ್ತಿಯಾಗುತ್ತದೆ. ಕೈ ಹಾಕಿ ನೋಡಿ, ಕಾಫಿ ಲೋಟದ ಹಾಗೆ ಸುಡುತ್ತದೆ (ಕುಕ್ಕಿಸಿಕೊಳ್ಳಲು ತಯಾರಾಗಿ). ಆ ಬರಿ ಚರ್ಮ ಮೊಟ್ಟೆಯ ಮೇಲ್ಭಾಗಕ್ಕೆ ಅಂಟಿ ಕೂರುತ್ತದೆ. ಅಂದರೆ ಮೊಟ್ಟೆಗೆ ಬಿಸಿ ಬರುವುದು ಮೇಲಿನಿಂದ ಮಾತ್ರ, ಕೆಳಭಾಗ ತಣ್ಣಗೇ ಇರುತ್ತದೆ. ಎರಡೂ ಸೇರಿ ಮೊಟ್ಟೆಯ ಒಳಗೆ ಸಿಗುವುದು ಹೆಚ್ಚುಕಡಿಮೆ 37.5 ರಿಂದ 38 ಡಿಗ್ರಿ.

ಫ್ಯಾನ್ ಇರುವ ಮಷಿನ್‌ನಲ್ಲಿ ಗಾಳಿ ಎಲ್ಲ ಕಡೆ ಒಂದೇ ಬಿಸಿ. ಅದಕ್ಕೇ ಅಲ್ಲಿ 37.5 ಇಟ್ಟರೆ ಸಾಕು. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿ ಗಾಳಿ ಮೇಲೆ, ತಣ್ಣನೆಯದು ಕೆಳಗೆ. ಅಲ್ಲಿ ಥರ್ಮಾಮೀಟರನ್ನು ಮೊಟ್ಟೆಯ ನೆತ್ತಿಯ ಮಟ್ಟಕ್ಕೆ ಇಟ್ಟು ಅಳೆಯಬೇಕು, 38.3 ರಿಂದ 38.8 ಇರಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಫ್ಯಾನ್ ಇಲ್ಲದ ಡಬ್ಬಿಗೆ 37.5 ಇಟ್ಟು, ನೆಲದ ಮೇಲೆ ಥರ್ಮಾಮೀಟರ್ ಮಲಗಿಸಿ, ಮರಿ ಯಾಕೆ ಆಗಲಿಲ್ಲ ಅಂತ ಕೇಳುವವರು ತುಂಬ ಜನ.

ಒಂದು ಡಿಗ್ರಿ ಕಮ್ಮಿಯಾದರೆ ಮರಿ ತಡವಾಗಿ, 22 ಅಥವಾ 23ನೇ ದಿನ ಬರುತ್ತದೆ, ಸ್ವಲ್ಪ ಸೋತಿರುತ್ತದೆ. ಜಾಸ್ತಿಯಾದರೆ ಹಾಗಲ್ಲ. 39.5 ದಾಟಿ ಕೆಲವು ಗಂಟೆ ನಿಂತರೆ ಒಳಗಿನ ಜೀವ ಹೋಗಬಹುದು, ಉಳಿದವೂ ಕಾಲು ಸೊಟ್ಟಗಾಗಿ, ಹೊಕ್ಕುಳು ಮುಚ್ಚದೆ ಹುಟ್ಟಬಹುದು. ಹಾಗಾಗಿ ಅನುಮಾನ ಬಂದರೆ ಸ್ವಲ್ಪ ತಂಪಿನ ಕಡೆಗೇ ತಪ್ಪಿ. ಕಮ್ಮಿ ಬೆಲೆಯ ಮಷಿನ್‌ಗಳ ಡಿಸ್‌ಪ್ಲೇ ಒಂದು ಡಿಗ್ರಿ ಸುಳ್ಳು ಹೇಳುವುದು ಸಾಮಾನ್ಯ. ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಇರುತ್ತದಲ್ಲ, ಅದನ್ನೂ ಮಷಿನ್‌ನ ಬಿಸಿ ಅಳೆಯುವ ಕಡ್ಡಿಯ ತುದಿಯನ್ನೂ ಒಂದೇ ಲೋಟ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ನೋಡಿ. ಎಷ್ಟು ವ್ಯತ್ಯಾಸ ಅಂತ ಮುಚ್ಚಳದ ಮೇಲೆ ಪೆನ್ನಲ್ಲಿ ಬರೆದಿಟ್ಟುಕೊಳ್ಳಿ.

(ಈಜಿಪ್ಟಿನಲ್ಲಿ ಸಾವಿರಾರು ವರ್ಷದಿಂದ ಮಣ್ಣಿನ ಇಟ್ಟಿಗೆಯ ದೊಡ್ಡ ಗೂಡು ಕಟ್ಟಿ, ಬೆಂಕಿಯ ಕಾವಲ್ಲಿ ಸಾವಿರಗಟ್ಟಲೆ ಮೊಟ್ಟೆ ಮರಿ ಮಾಡಿಸುತ್ತಾರೆ. ಅಲ್ಲಿನ ಕೆಲಸಗಾರರು ಮೊಟ್ಟೆಯನ್ನು ಕಣ್ಣ ರೆಪ್ಪೆಗೆ ಒತ್ತಿ ಬಿಸಿ ಹೇಳುತ್ತಿದ್ದರು. ನಾನೂ ಒತ್ತಿ ನೋಡಿದ್ದೇನೆ. ಬೆಚ್ಚಗಿದೆ ಅಂತ ಮಾತ್ರ ಗೊತ್ತಾಯಿತು.)

ಈಗ ನೀರಿಗೆ ಬರೋಣ. ನನ್ನ ಮೊಟ್ಟೆಗಳನ್ನು ಕೊಂದದ್ದು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊಟ್ಟೆಯ ಚಿಪ್ಪು ಗಟ್ಟಿ ಗೋಡೆ ಅಲ್ಲ. ಅದರ ತುಂಬ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ಅದರ ಮೂಲಕ ಗಾಳಿ ಒಳಗೆ ಹೋಗುತ್ತದೆ, ಕೆಟ್ಟ ಗಾಳಿ ಹೊರಗೆ ಬರುತ್ತದೆ, ಜೊತೆಗೆ ನೀರಿನ ಆವಿಯೂ ಹೊರಗೆ ಬರುತ್ತದೆ. ನೀರು ಹೋದಷ್ಟು ಜಾಗಕ್ಕೆ ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಬೇಯಿಸಿದ ಮೊಟ್ಟೆ ಸುಲಿಯುವಾಗ ಒಂದು ಕಡೆ ತಗ್ಗು ಕಾಣುತ್ತದಲ್ಲ, ಅದೇ ಗಾಳಿ ಗೂಡು. ಕಾವಿನ ದಿನಗಳು ಕಳೆದಂತೆ ಇದು ದೊಡ್ಡದಾಗುತ್ತಾ ಹೋಗಬೇಕು. ಯಾಕೆಂದರೆ ಮರಿ ತನ್ನ ಮೊದಲ ಉಸಿರು ಎಳೆಯುವುದು ಹೊರಗಿನ ಲೋಕದಲ್ಲಲ್ಲ, ಈ ಗಾಳಿ ಗೂಡಿನಲ್ಲಿ. ಅದು ಚಿಕ್ಕದಾಗೇ ಉಳಿದರೆ ಮರಿಗೆ ಕೊಕ್ಕು ಚಾಚಲು ಜಾಗವಿಲ್ಲ, ಉಸಿರಿಗೆ ಗಾಳಿ ಸಾಲದು, ಸುತ್ತ ನೀರು. ತೀರಾ ದೊಡ್ಡದಾದರೆ ಒಳಪೊರೆ ಒಣಗಿ, ಮರಿ ಅದರಲ್ಲಿ ಸುತ್ತಿಕೊಂಡು ಅಲುಗಾಡಲಾಗದೆ ಸಾಯುತ್ತದೆ.

ಸರಿಯಾದ ಲೆಕ್ಕ ಯಾವುದು? ಮೊದಲ 18 ದಿನಗಳಲ್ಲಿ ಮೊಟ್ಟೆ ತನ್ನ ತೂಕದಲ್ಲಿ ಶೇ 11 ರಿಂದ 14 ಕಳೆದುಕೊಳ್ಳಬೇಕು. ಪುಸ್ತಕಗಳು ಮೊದಲ 18 ದಿನ ತೇವಾಂಶ ಶೇ 45 ರಿಂದ 55, ಕೊನೆಯ ಮೂರು ದಿನ 65 ರಿಂದ 70 ಅನ್ನುತ್ತವೆ. ಅದು ಸರಿಯೇ, ಆದರೆ ಅದು ತೂಕ ಇಳಿಸುವುದಕ್ಕೆ ಒಂದು ದಾರಿ ಅಷ್ಟೆ. ಮೊಟ್ಟೆಯಿಂದ ಮೊಟ್ಟೆಗೆ ಚಿಪ್ಪು ಬೇರೆ, ಊರಿಂದ ಊರಿಗೆ ಹವೆ ಬೇರೆ. ಹಾಗಾಗಿ ನಾನು ಈಗ ಮೀಟರ್‌ಗಿಂತ ತಕ್ಕಡಿಯನ್ನು ಜಾಸ್ತಿ ನಂಬುತ್ತೇನೆ. ಅಡುಗೆಮನೆಯ ಗ್ರಾಮ್ ತಕ್ಕಡಿ ಸಾಕು. ನಾಟಿ ಮೊಟ್ಟೆ ಸುಮಾರು 40 ಗ್ರಾಂ ಇರುತ್ತದೆ. ಹತ್ತು ಮೊಟ್ಟೆ ಒಟ್ಟಿಗೆ ತೂಗಿದರೆ 400 ಗ್ರಾಂ ಅಂದುಕೊಳ್ಳಿ. ಶೇ 12 ಇಳಿಯಬೇಕು ಅಂದರೆ 18ನೇ ದಿನಕ್ಕೆ 352 ಗ್ರಾಂ ಆಗಿರಬೇಕು. ಅರ್ಧ ದಾರಿಗೆ, ಅಂದರೆ 9ನೇ ದಿನಕ್ಕೆ 376. ಆ ದಿನ ತೂಗಿದಾಗ 388 ಬಂತು ಅಂದರೆ ನೀರು ಹೋಗುತ್ತಿಲ್ಲ, ತಕ್ಷಣ ನೀರಿನ ಬಟ್ಟಲು ಆಚೆ ತೆಗೆಯಿರಿ, ಗಾಳಿಯ ಕಿಂಡಿ ಪೂರ್ತಿ ತೆರೆಯಿರಿ. 365 ಬಂದರೆ ಜಾಸ್ತಿ ಒಣಗುತ್ತಿದೆ, ನೀರು ಹಾಕಿ. ಇನ್ನೂ ಒಂಬತ್ತು ದಿನ ಇದೆ, ಸರಿಮಾಡಿಕೊಳ್ಳಬಹುದು.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ 18 ದಿನ ಒಂದು ತೊಟ್ಟೂ ನೀರು ಹಾಕದೆ ಇಟ್ಟರೂ ಸರಿಹೋಗುವುದು ಇದೇ ಕಾರಣಕ್ಕೆ. ಅದೇ ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್‌ನಲ್ಲಿ ಮರಿ ಮಾಡಿಸುವವರು ನೀರು ಹಾಕದಿದ್ದರೆ ಮೊಟ್ಟೆ ಒಣಗಿಹೋಗುತ್ತದೆ. ಒಂದೇ ಚೀಟಿ ಇಬ್ಬರಿಗೂ ಹೊಂದುವುದು ಹೇಗೆ ಹೇಳಿ? ಇನ್ನೊಂದು ಮಾತು. ತೇವಾಂಶಕ್ಕೆ ಲೆಕ್ಕ ಬರುವುದು ನೀರಿನ ಆಳವಲ್ಲ, ಅಗಲ. ಆಳದ ಲೋಟಕ್ಕಿಂತ ಅಗಲದ ತಟ್ಟೆಯಿಂದ ಜಾಸ್ತಿ ಆವಿ ಏಳುತ್ತದೆ.

ತೇವಾಂಶದ ಮೀಟರ್ ಪರೀಕ್ಷೆಗೆ ಒಂದು ಉಪಾಯ ಇದೆ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಕೆಸರಿನ ಹಾಗೆ ಮಾಡಿ. ಕರಗಿಹೋಗಬಾರದು. ಅದನ್ನೂ ಮೀಟರನ್ನೂ ಒಂದು ಜಿಪ್ ಕವರ್‌ನಲ್ಲಿ ಹಾಕಿ ಮುಚ್ಚಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. ನನ್ನದು 66 ತೋರಿಸಿತು. ಅಂದರೆ 60 ಅಂತ ನಾನು ನಂಬಿ ಕೂತಿದ್ದಾಗ ಒಳಗೆ ಎಷ್ಟಿತ್ತೋ ನೀವೇ ಲೆಕ್ಕ ಹಾಕಿ.

ಮಗುಚುವ ಕೆಲಸ ಸುಲಭ, ಆದರೆ ಬಿಡುವ ಹಾಗಿಲ್ಲ. ಒಳಗಿನ ಭ್ರೂಣ ಹಳದಿಯ ಮೇಲೆ ತೇಲುತ್ತಿರುತ್ತದೆ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಪೊರೆಗೆ ಅಂಟಿಕೊಳ್ಳುತ್ತದೆ, ರಕ್ತನಾಳಗಳೂ ಸರಿಯಾಗಿ ಹರಡುವುದಿಲ್ಲ. ಹ್ಯಾಟೆ ಹಗಲು ರಾತ್ರಿ ಕೊಕ್ಕಿನಿಂದ ಮೊಟ್ಟೆ ಎಳೆದು, ತಳ್ಳಿ, ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ಮಾಡುತ್ತಲೇ ಇರುತ್ತದೆ. ಕೈಯಲ್ಲಿ ಮಗುಚುವವರು ಕಮ್ಮಿಯೆಂದರೆ ದಿನಕ್ಕೆ ಮೂರು ಸಲ, ಸಾಧ್ಯವಾದರೆ ಐದು ಸಲ ಮಗುಚಬೇಕು. ಬೆಸ ಸಂಖ್ಯೆ ಯಾಕೆಂದರೆ ರಾತ್ರಿಯ ಉದ್ದನೆಯ ಹೊತ್ತು ದಿನಾ ಒಂದೇ ಮಗ್ಗುಲಿಗೆ ಬೀಳಬಾರದು. ಮೊಟ್ಟೆಯ ಒಂದು ಕಡೆ ಪೆನ್ಸಿಲ್‌ನಲ್ಲಿ ಗುಣಿಸು ಗುರುತು, ಇನ್ನೊಂದು ಕಡೆ ಸೊನ್ನೆ ಹಾಕಿಕೊಂಡರೆ ಗೊಂದಲ ಇಲ್ಲ. ಸ್ಕೆಚ್ ಪೆನ್ ಬೇಡ. 18ನೇ ದಿನ ಮಗುಚುವುದನ್ನು ನಿಲ್ಲಿಸಬೇಕು, ಮರಿ ತಲೆ ತಿರುಗಿಸಿ ಜಾಗ ಹಿಡಿಯುವ ಹೊತ್ತು ಅದು.

ಯಾವ ಮೊಟ್ಟೆ ಇಡಬೇಕು ಅನ್ನುವುದು ಮೊದಲೇ ಹೇಳಬೇಕಿತ್ತು. ಅಂಗಡಿಯ ಬಿಳಿ ಫಾರಂ ಮೊಟ್ಟೆಯಿಂದ ಮರಿ ಬರುವುದಿಲ್ಲ, ಆ ಕೋಳಿಗಳು ಹುಂಜನ ಮುಖವನ್ನೇ ನೋಡಿರುವುದಿಲ್ಲ. ಹುಂಜ ಇರುವ ಮನೆಯ ಮೊಟ್ಟೆಯೇ ಆಗಬೇಕು. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಹುಂಜ ಸತ್ತುಹೋದರೂ, ಮಾರಿದರೂ, ಸುಮಾರು ಹತ್ತು ದಿನದವರೆಗೆ ಬರುವ ಮೊಟ್ಟೆಯಲ್ಲಿ ಜೀವ ಇರಬಹುದು. ತೀರಾ ದೊಡ್ಡದು, ತೀರಾ ಚಿಕ್ಕದು, ಸೊಟ್ಟಗಿರುವುದು, ಕೂದಲೆಳೆ ಬಿರುಕಿರುವುದು ಬೇಡ. ಹಿಕ್ಕೆ ಅಂಟಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ. ತೊಳೆಯಬೇಡಿ, ಚಿಪ್ಪಿನ ಮೇಲಿನ ತೆಳು ಲೇಪ ಹೋಗಿ ಆ ತೂತುಗಳಿಂದ ಕೊಳೆ ಒಳಗೆ ಇಳಿಯುತ್ತದೆ.

ಮೊಟ್ಟೆ ಕೂಡಿಡುವಾಗ ಏಳು ದಿನಕ್ಕಿಂತ ಹಳೆಯದಾಗದಿದ್ದರೆ ಒಳ್ಳೆಯದು, ಹತ್ತು ದಿನ ದಾಟಿದರೆ ಮರಿ ಆಗುವುದು ಕಮ್ಮಿಯಾಗುತ್ತಾ ಹೋಗುತ್ತದೆ. ಫ್ರಿಜ್ ತುಂಬ ತಣ್ಣಗೆ. ಹಾಗಂತ ಬೇಸಿಗೆಯ 32 ಡಿಗ್ರಿ ಕೋಣೆಯೂ ಕೆಟ್ಟದ್ದೇ. ಸುಮಾರು 21 ಡಿಗ್ರಿ ದಾಟಿದರೆ ಒಳಗಿನ ಜೀವ ಅರ್ಧಂಬರ್ಧ ಎಚ್ಚರಾಗುತ್ತದೆ. ಬೆಳೆಯಲೂ ಆಗದು, ಮಲಗಲೂ ಆಗದು, ಹಾಗೇ ಸಾಯುತ್ತದೆ. 13 ರಿಂದ 18 ಡಿಗ್ರಿ ಸಿಕ್ಕರೆ ಚಿನ್ನ. ನಮ್ಮ ಮನೆಗಳಲ್ಲಿ ಅದು ಎಲ್ಲಿ ಸಿಗುತ್ತದೆ? ಅಜ್ಜಿ ರಾಗಿ ತುಂಬಿದ ಮಡಕೆಯೊಳಗೆ, ಕತ್ತಲೆ ಮೂಲೆಯಲ್ಲಿ ಮೊಟ್ಟೆ ಹುದುಗಿಸಿ ಇಡುತ್ತಿದ್ದರು. ಹೊರಗಿನ ಬಿಸಿ ರಾಗಿಯನ್ನು ದಾಟಿ ಮೊಟ್ಟೆಗೆ ತಲುಪುವಷ್ಟರಲ್ಲಿ ಸಂಜೆಯಾಗಿರುತ್ತದೆ. ನಾನೂ ಅದನ್ನೇ ಮಾಡುತ್ತೇನೆ. ಚೂಪು ತುದಿ ಕೆಳಗೆ ಮಾಡಿ ನಿಲ್ಲಿಸಿ. ದೂರದ ಊರಿಂದ ಬಸ್ಸಲ್ಲಿ ತಂದ ಮೊಟ್ಟೆಯನ್ನು ಒಂದು ದಿನ ಹಾಗೇ ಸುಮ್ನೆ ನಿಲ್ಲಿಸಿಟ್ಟು ಆಮೇಲೆ ಕಾವಿಗೆ ಇಡಿ, ಒಳಗಿನ ಗಾಳಿ ಗೂಡು ಅಲುಗಾಡಿರುತ್ತದೆ.

ಏಳನೇ ದಿನ ರಾತ್ರಿ ಮನೆಯ ಲೈಟ್ ಆರಿಸಿ. ಮೊಬೈಲ್ ಟಾರ್ಚ್ ಮೇಲೆ ಮುಷ್ಟಿ ಇಟ್ಟು ಸಣ್ಣ ಕಿಂಡಿ ಬಿಟ್ಟು, ಅದರ ಮೇಲೆ ಮೊಟ್ಟೆಯ ದಪ್ಪ ತುದಿ ಕೂರಿಸಿ. ಮೊಟ್ಟೆ ಪೂರ್ತಿ ಕಿತ್ತಳೆ ಬಣ್ಣದ ದೀಪದ ಹಾಗೆ ಬೆಳಗುತ್ತದೆ. ಜೀವ ಇದ್ದರೆ ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಜೇಡದ ಕಾಲುಗಳ ಹಾಗೆ ಸುತ್ತ ಹರಡಿದ ಕೆಂಪು ಎಳೆಗಳು. ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಆ ಚುಕ್ಕೆ ಕೊಸರುತ್ತದೆ. ನಮ್ಮ ಮನೆಯ ಮಕ್ಕಳು ಮೊದಲ ಸಲ ಇದನ್ನು ನೋಡಿ ಆ ವಾರ ಪೂರ್ತಿ ಮೊಟ್ಟೆ ತಿನ್ನಲಿಲ್ಲ. ಏನೂ ಎಳೆ ಇಲ್ಲದೆ ಹಳದಿ ನೆರಳು ಮಾತ್ರ ಕಂಡರೆ ಅದು ಹುಂಜ ಮುಟ್ಟದ ಮೊಟ್ಟೆ. ಉಂಗುರದ ಹಾಗೆ ಕೆಂಪು ಗೆರೆ ಮಾತ್ರ ಇದ್ದರೆ ಶುರುವಾಗಿ ಸತ್ತದ್ದು. ಎರಡನ್ನೂ ತೆಗೆಯಿರಿ. ಸತ್ತ ಮೊಟ್ಟೆ ಕೊಳೆತು ಬಿಸಿಯಲ್ಲಿ ಒಡೆದರೆ ಆ ವಾಸನೆ ಎರಡು ದಿನ ಮನೆಯಿಂದ ಹೋಗುವುದಿಲ್ಲ, ಜೊತೆಗೆ ಪಕ್ಕದ ಮೊಟ್ಟೆಗಳಿಗೂ ಕೊಳೆ ಅಂಟುತ್ತದೆ. ಗಾಢ ಕಂದು ಚಿಪ್ಪಿನಲ್ಲಿ ಏಳಕ್ಕೆ ಸರಿಯಾಗಿ ಕಾಣದಿದ್ದರೆ ಹತ್ತನೇ ದಿನದವರೆಗೆ ಕಾಯಿರಿ, ಅವಸರ ಇಲ್ಲ.

ಕರೆಂಟ್ ಹೋದರೆ? ಹಳ್ಳಿಯಲ್ಲಿ ಇರುವವರ ಮೊದಲ ಪ್ರಶ್ನೆ ಇದೇ. ಎರಡು ಮೂರು ಗಂಟೆ ಹೋದರೆ ಗಾಬರಿ ಬೇಡ. ಹ್ಯಾಟೆಯೂ ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಎದ್ದುಹೋಗಿ, ಕಾಳು ತಿಂದು, ನೀರು ಕುಡಿದು, ಮಣ್ಣಲ್ಲಿ ಹೊರಳಿ ಬರುತ್ತದೆ. ಮೊಟ್ಟೆ ಬಿಸಿಯನ್ನು ಹಿಡಿದಿಡುತ್ತದೆ. ಮಷಿನ್ ಮೇಲೆ ಕಂಬಳಿ ಹೊದಿಸಿ, ಮುಚ್ಚಳ ತೆಗೆಯಬೇಡಿ. ಇನ್ನೂ ಜಾಸ್ತಿ ಹೊತ್ತಾದರೆ ಬಿಸಿನೀರು ತುಂಬಿದ ಬಾಟಲಿ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಇಡಿ. ಕೊನೆಯ ವಾರದ ಮೊಟ್ಟೆಗಳು ತಾವೇ ಬಿಸಿ ಹುಟ್ಟಿಸುತ್ತವೆ, ಅವುಗಳಿಗೆ ಬಿಸಿಗಿಂತ ಗಾಳಿ ಮುಖ್ಯ, ಕಂಬಳಿಯಲ್ಲಿ ಕಿಂಡಿ ಮುಚ್ಚಬೇಡಿ.

ಮಷಿನ್ ಕೊಳ್ಳದೆ ಮನೆಯಲ್ಲೇ ಮಾಡಿಕೊಳ್ಳುವವರೂ ಇದ್ದಾರೆ. ಮೀನಿನ ಅಂಗಡಿಯ ಥರ್ಮಾಕೋಲ್ ಪೆಟ್ಟಿಗೆ, 40 ವ್ಯಾಟಿನ ಎರಡು ಹಳೇ ತಂತಿ ಬಲ್ಬು, ಹಾಳಾದ ಕಂಪ್ಯೂಟರಿನ ಫ್ಯಾನ್, ಬಿಸಿಯನ್ನು ಹಿಡಿತದಲ್ಲಿಡುವ ಒಂದು ಸಣ್ಣ ಥರ್ಮೋಸ್ಟಾಟ್ ಬೋರ್ಡ್, ಒಂದು ತಟ್ಟೆ ನೀರು. ಎಲ್‌ಇಡಿ ಬಲ್ಬು ಹಾಕಿ ಬಿಸಿಯೇ ಆಗುತ್ತಿಲ್ಲ ಅನ್ನಬೇಡಿ, ಅದರಲ್ಲಿ ಬೆಳಕಿದೆ, ಕಾವಿಲ್ಲ. ಬಲ್ಬು ಥರ್ಮಾಕೋಲ್‌ಗೆ ತಾಗದಂತೆ ನೋಡಿಕೊಳ್ಳಿ, ಅದು ಕರಗುತ್ತದೆ, ಹೊತ್ತಿಕೊಳ್ಳಲೂಬಹುದು. ಎರಡು ಬಲ್ಬು ಯಾಕೆಂದರೆ ಮಧ್ಯರಾತ್ರಿ ಒಂದು ಸುಟ್ಟುಹೋದರೆ ಇನ್ನೊಂದು ಬೆಳಗಿನವರೆಗೆ ಎಳೆಯುತ್ತದೆ.

ಇನ್ನು ಕೊನೆಯ ಮೂರು ದಿನ. ಈ ಮೂರು ದಿನ ನೀವು ಮಾಡಬೇಕಾದ ಕೆಲಸ ಕೈ ಕಟ್ಟಿ ಕೂರುವುದು, ಮತ್ತು ಅದು ಬಹಳ ಕಷ್ಟ.

18ನೇ ದಿನ ಮಗುಚುವುದು ನಿಲ್ಲಿಸಿ, ನೀರು ಜಾಸ್ತಿ ಮಾಡಿ (ಮಳೆಗಾಲದಲ್ಲೂ, ಈಗ ಹಾಕಬಹುದು), ತಳಕ್ಕೆ ಒರಟು ಬಟ್ಟೆ ಹಾಸಿ, ಮುಚ್ಚಳ ಮುಚ್ಚಿ. ಒಳಗೆ ನಡೆಯುವುದು ಇದು. ಮರಿ ದೊಡ್ಡದಾಗಿದೆ, ಚಿಪ್ಪಿನ ತೂತುಗಳಿಂದ ಬರುವ ಗಾಳಿ ಅದಕ್ಕೆ ಸಾಲದು. ಉಸಿರು ಕಟ್ಟಿದ ಹಾಗಾಗಿ ಕುತ್ತಿಗೆಯ ಸ್ನಾಯು ಜಗ್ಗುತ್ತದೆ, ಕೊಕ್ಕು ಪೊರೆ ಹರಿದು ಗಾಳಿ ಗೂಡಿಗೆ ನುಗ್ಗುತ್ತದೆ. ಅಲ್ಲಿ ಮೊದಲ ಉಸಿರು. ಮೊಟ್ಟೆಯನ್ನು ಕಿವಿಯ ಹತ್ತಿರ ಇಟ್ಟರೆ ಚಿಂವ್ ಅನ್ನುವ ಸದ್ದು ಕೇಳುತ್ತದೆ, ಹ್ಯಾಟೆ ಹೊರಗಿನಿಂದ ಕೊಕ್ ಕೊಕ್ ಅಂತ ಉತ್ತರ ಕೊಡುತ್ತದೆ. ಕೆಲವು ಗಂಟೆಗಳ ಮೇಲೆ ಕೊಕ್ಕಿನ ತುದಿಯ ಗಟ್ಟಿ ಹಲ್ಲಿನಂಥ ಮುಳ್ಳಿನಿಂದ ಚಿಪ್ಪಿಗೆ ಒಂದು ಏಟು. ನಕ್ಷತ್ರದ ಹಾಗೆ ಒಂದು ಸೀಳು.

ಅದಾದ ಮೇಲೆ ಏನೂ ಆಗುವುದಿಲ್ಲ. ಹನ್ನೆರಡು ಗಂಟೆ, ಕೆಲವೊಮ್ಮೆ ಇಪ್ಪತ್ನಾಲ್ಕು ಗಂಟೆ, ಮರಿ ಹಾಗೇ ಬಿದ್ದಿರುತ್ತದೆ. ನೋಡುವವರಿಗೆ ಮರಿ ಸಿಕ್ಕಿಹಾಕಿಕೊಂಡಿದೆ, ಸಾಯುತ್ತಿದೆ ಅನ್ನಿಸುತ್ತದೆ. ಹಾಗಿಲ್ಲ. ಅಷ್ಟು ಹೊತ್ತು ಅದು ಚಿಪ್ಪಿನ ಒಳಗೋಡೆಯ ನಾಳಗಳಲ್ಲಿರುವ ರಕ್ತವನ್ನು ಮೈಯೊಳಗೆ ಎಳೆದುಕೊಳ್ಳುತ್ತಿದೆ, ಉಳಿದ ಹಳದಿಯನ್ನು ಹೊಕ್ಕುಳ ಮೂಲಕ ಹೊಟ್ಟೆಗೆ ತುಂಬಿಕೊಳ್ಳುತ್ತಿದೆ. ಈ ಹೊತ್ತಲ್ಲಿ ನೀವು ಕನಿಕರದಿಂದ ಚಿಪ್ಪು ಸುಲಿದರೆ ರಕ್ತ ಸುರಿಯುತ್ತದೆ, ಹಳದಿ ಹೊರಗೆ ನೇತಾಡುತ್ತದೆ, ಅಲ್ಲಿಗೆ ಮುಗಿಯಿತು. ನನ್ನ ಕೈಯಲ್ಲೇ ಒಂದು ಹಾಗೆ ಹೋಗಿದೆ. ಮುಚ್ಚಳ ತೆಗೆದು ಇಣುಕುವುದೂ ಅಷ್ಟೇ ಕೆಟ್ಟದ್ದು. ತೇವ ಹಾರಿಹೋಗಿ, ಸೀಳಿನ ಹತ್ತಿರದ ಪೊರೆ ಒಣಗಿ ರಬ್ಬರಿನ ಹಾಗಾಗಿ, ಮರಿ ತಿರುಗಲಾರದೆ ಸಿಕ್ಕಿಕೊಳ್ಳುತ್ತದೆ.

ವಿರಾಮ ಮುಗಿದ ಮೇಲೆ ಮರಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತಾ, ಡಬ್ಬಿಯ ಮುಚ್ಚಳ ಕತ್ತರಿಸಿದ ಹಾಗೆ ಸುತ್ತ ಚಿಪ್ಪು ಒಡೆದು, ಒದ್ದು ಹೊರಗೆ ಬೀಳುತ್ತದೆ. ಒದ್ದೆ ಇಲಿಮರಿಯ ಹಾಗೆ ಇರುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಒಣಗಿ ತುಪ್ಪಳ ಅರಳುವವರೆಗೆ ಅಲ್ಲೇ ಬಿಡಿ. ಹೊಟ್ಟೆಯಲ್ಲಿ ಹಳದಿಯ ಬುತ್ತಿ ಇದೆ, ಎರಡು ದಿನ ಏನೂ ತಿನ್ನದೆ ಇರಬಲ್ಲದು. ಹ್ಯಾಚರಿಯವರು ದಿನದ ಮರಿಗಳನ್ನು ಡಬ್ಬಿಗೆ ತುಂಬಿ ಬಸ್ಸಿಗೆ ಹಾಕುವುದು ಈ ಧೈರ್ಯದ ಮೇಲೆ. ಸೀಳು ಬಿಟ್ಟು 24 ಗಂಟೆ ದಾಟಿ, ಒಂದಿಷ್ಟೂ ಮುಂದೆ ಹೋಗದೆ, ಪೊರೆ ಕಂದಾಗಿ ಒಣಗಿದ್ದರೆ ಮಾತ್ರ ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಪೊರೆಯನ್ನು ನೆನೆಸಿ, ಚಿಪ್ಪಿನ ಸಣ್ಣ ಚೂರು ಎತ್ತಿ ನೋಡಬಹುದು. ಕೆಂಪು ಕಂಡರೆ ನಿಲ್ಲಿಸಿ.

ಇದೆಲ್ಲ ಕಷ್ಟ ಹ್ಯಾಟೆಗೆ ಇಲ್ಲ. ಹಾಗಾದರೆ ಹ್ಯಾಟೆಯನ್ನೇ ಕೂರಿಸಬಾರದೇ? ಕೂರಿಸಬಹುದು, ಆದರೆ ಅದಕ್ಕೆ ಮನಸ್ಸು ಬರಬೇಕು. (ನಮ್ಮ ಕಡೆ ಹ್ಯಾಟೆ, ಬೇರೆ ಕಡೆ ಯಾಟೆ, ಹೇಂಟೆ. ಎಲ್ಲ ಒಂದೇ.) ನಾಟಿ ಕೋಳಿ ಒಂದು ಸರದಿಗೆ ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಮೆದುಳಿನ ಬುಡದಿಂದ ಪ್ರೊಲ್ಯಾಕ್ಟಿನ್ ಎಂಬ ರಸ ಜಾಸ್ತಿಯಾಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಸ್ವಭಾವವೇ ಬದಲಾಗುತ್ತದೆ. ಹತ್ತಿರ ಹೋದರೆ ಪುಕ್ಕ ಕೆದರಿ ಗುರ್ ಅನ್ನುತ್ತದೆ, ಎತ್ತಿ ಆಚೆ ಬಿಟ್ಟರೆ ಓಡಿಬಂದು ಅದೇ ಜಾಗದಲ್ಲಿ ಕೂರುತ್ತದೆ, ದಿನಕ್ಕೊಂದು ಸಲ ದೊಡ್ಡ ಮುದ್ದೆಯಂಥ ನಾರುವ ಹಿಕ್ಕೆ ಹಾಕುತ್ತದೆ. ಎರಡು ರಾತ್ರಿ ಗೂಡು ಬಿಟ್ಟು ಏಳದಿದ್ದರೆ ನಂಬಬಹುದು. ಗಿರಿರಾಜದಂಥ ಸುಧಾರಿತ ತಳಿಗಳು ಕಾವಿಗೆ ಕೂರುವುದಿಲ್ಲ, ಆ ಗುಣ ತಳಿಯಿಂದಲೇ ಹೋಗಿದೆ. ಗಿರಿರಾಜ ಮೊಟ್ಟೆಯನ್ನು ನಾಟಿ ಹ್ಯಾಟೆ ಕೆಳಗೆ ಇಟ್ಟು ಮರಿ ಮಾಡಿಸಬಹುದು, ಆದರೆ ಮರಿಗಳು ಅಪ್ಪ ಅಮ್ಮನ ಹಾಗೇ ಬೆಳೆಯುತ್ತವೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅದು ಮಿಶ್ರ ತಳಿ, ಮುಂದಿನ ಪೀಳಿಗೆಯಲ್ಲಿ ಗುಣ ಚದುರುತ್ತದೆ.

ಜಾಗ ಕತ್ತಲೆಯಾಗಿರಲಿ, ಬೇರೆ ಕೋಳಿಗಳು ಬಂದು ಅಲ್ಲೇ ಮೊಟ್ಟೆ ಇಡುವ ಹಾಗೆ ಇರಬಾರದು. ಮಂಕರಿಗೆ ಮರಳು ಅಥವಾ ಬೂದಿ, ಅದರ ಮೇಲೆ ಹುಲ್ಲು. ನಾವು ಲಕ್ಕಿ ಸೊಪ್ಪು ಹಾಕುತ್ತೇವೆ, ಹೇನು ಕಮ್ಮಿಯಾಗುತ್ತದೆ ಅಂತ. ಹೇನು ಜಾಸ್ತಿಯಾದರೆ ಹ್ಯಾಟೆ ಹಿಂಸೆ ತಾಳಲಾರದೆ ನಡುವೆ ಎದ್ದುಹೋಗುತ್ತದೆ, ಅದಕ್ಕೆ ಕೂರಿಸುವ ಮುಂಚೆಯೇ ರೆಕ್ಕೆ ಕೆಳಗೆ ನೋಡಿ. ಹತ್ತರಿಂದ ಹನ್ನೆರಡು ಮೊಟ್ಟೆ ಸಾಕು. ಪುಕ್ಕದ ಆಚೆ ಮೊಟ್ಟೆ ಇಣುಕಿದರೆ ಜಾಸ್ತಿಯಾಯಿತು ಅಂತ ಅರ್ಥ. ಎಲ್ಲವನ್ನೂ ಒಂದೇ ದಿನ, ರಾತ್ರಿ ಹೊತ್ತು ಇಡಿ, ಗುರುತು ಹಾಕಿ. ಆಮೇಲೆ ಸೇರಿದ ಮೊಟ್ಟೆ ತೆಗೆಯುತ್ತಿರಿ. ಕೇರೆ ಹಾವು, ಮುಂಗುಸಿ, ಹೆಗ್ಗಣ ಎಲ್ಲಕ್ಕೂ ಇದು ಊಟ, ಜಾಲರಿ ಬೇಕೇ ಬೇಕು.

ಅಜ್ಜಿ ಮಂಕರಿಯಲ್ಲಿ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು, ಎರಡು ಒಣಮೆಣಸಿನಕಾಯಿ ಇಡುತ್ತಿದ್ದರು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ಗುಡುಗಿನಿಂದ ಮೊಟ್ಟೆ ಕೆಡುವುದಿಲ್ಲ. ಗುಡುಗಿನ ಜೊತೆ ಬರುವ ಥಂಡಿ, ತೇವ, ಬೆಚ್ಚಿಬಿದ್ದು ಎದ್ದುಹೋಗುವ ಹ್ಯಾಟೆ, ಇವುಗಳಿಂದ ಕೆಡಬಹುದು. ಆದರೂ ನಾನು ಆ ಕಬ್ಬಿಣದ ಚೂರು ಈಗಲೂ ಇಡುತ್ತೇನೆ. ಕೇಳಬೇಡಿ.

ಕೆಲವರು ಕಾವು ಬಿಡಿಸಲು ಹ್ಯಾಟೆಯನ್ನು ನೀರಲ್ಲಿ ಅದ್ದುತ್ತಾರೆ, ಮೂಗಿನ ತೂತಿಗೆ ಪುಕ್ಕ ಚುಚ್ಚುತ್ತಾರೆ. ಪುಕ್ಕ ಚುಚ್ಚುವುದು ಬರೀ ಹಿಂಸೆ. ಗಾಳಿ ಬೆಳಕು ಇರುವ, ತಳ ಜಾಲರಿಯ ಪಂಜರದಲ್ಲಿ ಮೂರ್ನಾಲ್ಕು ದಿನ ಮೇವು ನೀರು ಕೊಟ್ಟು ಬಿಟ್ಟರೆ ಕಾವು ತಾನೇ ಇಳಿಯುತ್ತದೆ, ಎದೆ ತಣ್ಣಗಾದರೆ ಆ ಹಠವೂ ತಣ್ಣಗಾಗುತ್ತದೆ.

ಹ್ಯಾಟೆಯ ಕೊರತೆ ಒಂದೇ, ಲೆಕ್ಕ. ಒಂದು ಸರದಿಗೆ ಹನ್ನೆರಡು ಮರಿ, ಮೂರು ವಾರ ಕಾವು, ಆಮೇಲೆ ಒಂದೂವರೆ ಎರಡು ತಿಂಗಳು ಮರಿ ಸಾಕುವುದು, ಅಷ್ಟು ದಿನ ಮೊಟ್ಟೆ ಇಲ್ಲ. ಮಷಿನ್‌ನ ಕೊರತೆ ಬೇರೆ. ಅದು ಮರಿ ಮಾಡುತ್ತದೆ, ಸಾಕುವುದಿಲ್ಲ. ಹಾಗಾಗಿ ನಾನು ಈಗ ಎರಡನ್ನೂ ಸೇರಿಸುತ್ತೇನೆ. ಹ್ಯಾಟೆ ಕಾವಿಗೆ ಕೂತ ದಿನವೇ ಮಷಿನ್‌ಗೂ ಮೊಟ್ಟೆ ಹಾಕುವುದು. ಹ್ಯಾಟೆ ಕೆಳಗಿನವು ಒಡೆಯುವ ರಾತ್ರಿ, ಕತ್ತಲಲ್ಲಿ, ಟಾರ್ಚನ್ನೂ ಹಾಕದೆ, ಮಷಿನ್ ಮರಿಗಳನ್ನು ಒಂದೊಂದಾಗಿ ಎದೆ ಕೆಳಗೆ ತೂರಿಸುವುದು. ಹ್ಯಾಟೆ ಒಮ್ಮೆ ಗೊಣಗಿ, ರೆಕ್ಕೆ ಎತ್ತಿ ಜಾಗ ಕೊಡುತ್ತದೆ. ಬೆಳಿಗ್ಗೆ ಎಲ್ಲವೂ ಅದರದ್ದೇ. ಹೋದ ಸಲ ಹೀಗೆ ಒಂದೇ ಹ್ಯಾಟೆ 17 ಮರಿ ನಡೆಸಿತು. ಹಗಲು ಕೊಡಲು ಹೋದರೆ, ಅಥವಾ ಮರಿಗಳು ಮೂರು ದಿನ ದಾಟಿದ್ದರೆ, ಕುಕ್ಕಿ ಸಾಯಿಸಿಬಿಡಬಹುದು.

ಹ್ಯಾಟೆ ಸಿಗದಿದ್ದರೆ ಬಲ್ಬಿನ ಕೆಳಗೆ ಸಾಕಬೇಕು. ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಮ್ಮಿ. ಥರ್ಮಾಮೀಟರ್‌ಗಿಂತ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒತ್ತೊತ್ತಾಗಿ ಗುಂಪುಗೂಡಿ ಕೂಗುತ್ತಿದ್ದರೆ ಚಳಿ, ದೂರ ಓಡಿ ಬಾಯಿ ತೆರೆದು ತೇಕುತ್ತಿದ್ದರೆ ಸೆಕೆ, ಎಲ್ಲ ಕಡೆ ಹರಡಿ ಮೇಯುತ್ತಿದ್ದರೆ ಸರಿ. ನೆಲಕ್ಕೆ ನುಣ್ಣನೆ ಪೇಪರ್ ಹಾಸಬೇಡಿ, ಕಾಲು ಜಾರಿ ಅಗಲವಾಗಿ ಹಾಗೇ ನಿಂತುಬಿಡುತ್ತದೆ, ಗೋಣಿಚೀಲ ಒಳ್ಳೆಯದು. ನೀರಿನ ತಟ್ಟೆಯಲ್ಲಿ ಕಲ್ಲು ಹಾಕಿ, ಇಲ್ಲದಿದ್ದರೆ ಮುಳುಗುತ್ತವೆ. ಬರೀ ಅಕ್ಕಿ ನುಚ್ಚು ಸಾಲದು, ಮೊದಲ ತಿಂಗಳಾದರೂ ಸ್ಟಾರ್ಟರ್ ಫೀಡ್ (ಎಳೆ ಮರಿಗಳ ಮೇವು) ಕೊಡಿ. ಹತ್ತರಲ್ಲಿ ಐದು ಹುಂಜ ಆಗುತ್ತವೆ ಅನ್ನುವುದನ್ನು ಮೊದಲೇ ಒಪ್ಪಿಕೊಳ್ಳಿ.

ಲಸಿಕೆ ಮಾತ್ರ ತಪ್ಪಿಸಬೇಡಿ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಊರಿಗೆ ಊರೇ ಕೋಳಿ ಖಾಲಿಯಾಗುತ್ತದೆ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ (ಈ ರೋಗದ ಲಸಿಕೆ), ನಾಲ್ಕನೇ ವಾರ ಇನ್ನೊಂದು ಸಲ. ಉಳಿದ ಲಸಿಕೆಗಳ ಸರದಿಯನ್ನು ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಬರೆಸಿಕೊಂಡು ಬನ್ನಿ. ಒಂದೇ ತೊಡಕು, ಸೀಸೆ ನೂರು ಮರಿ ಲೆಕ್ಕದ್ದು ಅಥವಾ ಅದಕ್ಕೂ ದೊಡ್ಡದು, ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು, ನಮ್ಮ ಹತ್ತಿರ ಇರುವುದು ಹದಿನೇಳು. ಹಾಗಾಗಿ ಭಾನುವಾರ ಬೆಳಿಗ್ಗೆ ಐಸ್ ಹಾಕಿದ ಫ್ಲಾಸ್ಕಿನಲ್ಲಿ ಸೀಸೆ ತಂದು, ಪಕ್ಕದ ನಾಲ್ಕು ಮನೆಯವರಿಗೆ ಫೋನ್ ಮಾಡಿ, ಮರಿಗಳನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ನಮ್ಮ ಜಗಲಿಗೇ ಬನ್ನಿ ಅನ್ನುತ್ತೇವೆ. ಕಾಫಿ ಆಗುವಷ್ಟರಲ್ಲಿ ಎಲ್ಲದಕ್ಕೂ ಹನಿ ಹಾಕಿ ಮುಗಿದಿರುತ್ತದೆ, ಯಾರ ಮರಿ ಯಾವುದು ಅಂತ ಜಗಳ ಶುರುವಾಗಿರುತ್ತದೆ.